ಬೇಸಗೆಯ ಕೊನೆಯ ದಿನಗಳೂ ಒಕ್ಕಲಿನ ಮನೆಯ ಮಿತವ್ಯಯವೂ

ಒಕ್ಕಲಿಗನ ವರ್ಷದಲ್ಲಿ ಬಿತ್ತುವ ಕಾಲ, ಕೊಯ್ಯುವ ಕಾಲ ಎಂಬ ಎರಡನ್ನೇ ಎಲ್ಲರೂ ದೊಡ್ಡದಾಗಿ ಎಣಿಸುವರು. ಇವೆರಡರ ನಡುವೆ, ಕಣದ ಕೆಲಸವು ಮುಗಿದು, ಹುಲ್ಲು ಬಣವೆಗೇರಿ, ಮುಂಗಾರು ಮಳೆಯು ಇನ್ನೂ ಹಿಡಿಯದೆ ಇರುವ ವೈಶಾಖ ಜ್ಯೇಷ್ಠ ಮಾಸಗಳನ್ನು ಲೆಕ್ಕಕ್ಕೆ ಹಿಡಿಯುವವರು ಕಡಮೆ. ಏಪ್ರಿಲ್ ತಿಂಗಳ ಕೊನೆಯಲ್ಲಿ ಭರಣಿ, ಮೇ ತಿಂಗಳ ಎರಡನೆಯ ವಾರದಲ್ಲಿ ಕೃತ್ತಿಕೆ, ಅದೇ ತಿಂಗಳ ಕೊನೆಯ ವಾರದಲ್ಲಿ ರೋಹಿಣಿ, ಜೂನ್ ತಿಂಗಳ ಮೊದಲನೆಯ ವಾರ ಕಳೆದೊಡನೆ ಮೃಗಶಿರೆ ಎಂಬುದಾಗಿ ಮಳೆಯ ನಕ್ಷತ್ರಗಳು ಒಂದರ ಹಿಂದೆ ಒಂದು ಸರಿಯುತ್ತವೆ. ಈ ಆರು ವಾರಗಳಲ್ಲಿ ರೈತನ ಕೈಗೆ ಕೆಲಸವು ಸ್ವಲ್ಪ, ಹಣವು ಸಾಧಾರಣವಾಗಿ ಉಳಿದ ಕಾಲಕ್ಕಿಂತ ಹೆಚ್ಚು. ಮಾರಿದ ರಾಗಿಯ ಹಣವೋ, ಹುಣಸೆಯ ಹಣವೋ, ಮಾವಿನ ಫಸಲನ್ನು ಗುತ್ತಿಗೆಗೆ ಕೊಟ್ಟ ಮುಂಗಡವೋ ಏನಾದರೊಂದು ಮನೆಯಲ್ಲಿರುವುದು. ಬಿಡುವೂ ಹಣವೂ ಒಟ್ಟಿಗೆ ಬಂದು ನಿಂತ ಈ ಕಾಲದಲ್ಲಿಯೇ ಬಯಲುಸೀಮೆಯ ಒಕ್ಕಲಿನ ಮನೆಯು ಆ ವರ್ಷ ಹೊತ್ತಿಗೆ ಸರಿಯಾಗಿ ಬಿತ್ತುವುದೇ, ಇಲ್ಲವೇ ಬೀಜಕ್ಕೂ ಗೊಬ್ಬರಕ್ಕೂ ಪರರ ಬಾಗಿಲಿಗೆ ಹೋಗಿ ನಿಲ್ಲುವುದೇ ಎಂಬುದು ತೀರ್ಮಾನವಾಗುತ್ತದೆ. ಮಳೆಯು ಮನುಷ್ಯನ ಕೈಯಲ್ಲಿಲ್ಲ. ಮಳೆಗೆ ಮುಂಚಿನ ಆರು ವಾರಗಳು ಬಹುಮಟ್ಟಿಗೆ ಅವನ ಕೈಯಲ್ಲಿಯೇ ಇವೆ.

ಮಿತವ್ಯಯವೆಂಬ ಮಾತನ್ನು ಎತ್ತಿದೊಡನೆಯೇ ಅನೇಕರಿಗೆ ಜಿಪುಣತನದ ನೆನಪು ಬರುವುದುಂಟು. ಈ ಎರಡನ್ನೂ ಒಂದೇ ಎಂದು ತಿಳಿದವರಿಂದಲೇ ಮಿತವ್ಯಯಕ್ಕೆ ಕೆಟ್ಟ ಹೆಸರು ಬಂದಿದೆ. ಮನೆಯ ಯಜಮಾನನು ಸಂತೆಯ ದಿನ ತನ್ನ ಕೈಖರ್ಚನ್ನು ಒಂದು ಕಾಸೂ ತಗ್ಗಿಸದೆ, ಮಗುವಿನ ಬಟ್ಟಲಿನ ಹಾಲನ್ನು ಡೈರಿಗೆ ಹಾಕಿಸಿ, ಉಳಿತಾಯ ಮಾಡಿದೆನೆಂದು ಹೇಳಿಕೊಂಡರೆ ಅದು ಮಿತವ್ಯಯವಲ್ಲ. ಎಲ್ಲರೂ ಉಂಡ ಮೇಲೆ ತಳದ ಸಾರನ್ನು ನೀರಿನಿಂದ ಹೆಚ್ಚಿಸಿಕೊಂಡು ಹೆಂಗಸರು ಊಟ ಮಾಡುವುದು ಎಷ್ಟೋ ಮನೆಗಳಲ್ಲಿ ಸದ್ಗುಣವೆಂದು ಎಣಿಸಲ್ಪಡುತ್ತಿದೆ. ಇದು ಸಂಸಾರದ ಕ್ಷೇಮಕ್ಕೆ ಮಾರಕವಾದ ಪದ್ಧತಿ. ಹಾಗೆಯೇ ಆಳಿನ ಕೂಲಿಯನ್ನು ಹಿಡಿದುಕೊಂಡು, ಜಾನುವಾರಿನ ಹಿಂಡಿಯನ್ನು ನಿಲ್ಲಿಸಿ, ಹಣವನ್ನು ಕೂಡಿಹಾಕುವ ಜಮೀನುದಾರನು ಬೇಸಗೆಯಲ್ಲಿ ಉಳಿಸಿದ್ದನ್ನು ಆರಿದ್ರಾ ಮಳೆಯ ಹೊತ್ತಿಗೆ ಸೊರಗಿದ ಎತ್ತುಗಳ ರೂಪದಲ್ಲಿ ಕಳೆದುಕೊಳ್ಳುವನು. ಮನೆಯೊಳಗೆ ದೊರೆಯುವುದನ್ನು ಹೊರಗೆ ಕೊಳ್ಳದಿರುವುದು, ಒಂದು ಸಲ ಬಳಸಿ ಎಸೆಯುವುದನ್ನು ಎರಡು ಸಲ ಬಳಸುವುದು, ಪರರ ಕಣ್ಣಿಗಾಗಿ ಖರ್ಚು ಮಾಡದಿರುವುದು, ಈ ಮೂರೇ ಮಿತವ್ಯಯ. ಮೊದಲನೆಯ ಎರಡನ್ನು ಒಕ್ಕಲಿನ ಮನೆಯ ಹೆಂಗಸರು ಯಾರೂ ಹೇಳಿಕೊಡದೆಯೇ ನಡೆಸಿಕೊಂಡು ಬಂದಿದ್ದಾರೆ. ಮೂರನೆಯದು ಗಂಡಸರ ಪಾಲಿನದು. ಅದರಲ್ಲಿಯೇ ಲೋಪವು ಹೆಚ್ಚಾಗಿರುವುದು.

ತುಮಕೂರು, ಕೋಲಾರ ಸೀಮೆಗಳ ರಾಗಿಯ ಊರುಗಳಲ್ಲಿ ಬೇಸಗೆಯ ಕೊನೆಯ ದಿನಗಳನ್ನು ಕಂಡವರಿಗೆ ಒಂದು ಸಂಗತಿಯು ಚೆನ್ನಾಗಿ ಗೊತ್ತು. ಬಿಸಿಲು ಎಷ್ಟು ಕ್ರೂರವೋ ಆ ಬಿಸಿಲಿನ ಉಪಯೋಗವೂ ಅಷ್ಟೇ ದೊಡ್ಡದು. ಬೆಳಗಿನ ಜಾವ ಎದ್ದು ಹಿಂದಿನ ರಾತ್ರಿಯ ರಾಗಿ ಅಂಬಲಿಗೆ ಮಜ್ಜಿಗೆಯನ್ನೂ ಉಪ್ಪನ್ನೂ ಬೆರೆಸಿ, ಒಂದು ಈರುಳ್ಳಿಯನ್ನು ಕಚ್ಚಿಕೊಂಡು ಕುಡಿದರೆ ಹೊತ್ತು ನೆತ್ತಿಗೆ ಬರುವವರೆಗೂ ಹೊಟ್ಟೆ ತಂಪಾಗಿರುತ್ತದೆ. ಪೇಟೆಯ ಬಣ್ಣದ ಪಾನೀಯದ ಶೀಸೆಯೊಂದಕ್ಕೆ ಕೊಡುವ ಹಣದಲ್ಲಿ ಇಡೀ ಸಂಸಾರಕ್ಕೆ ಬೆಲ್ಲ, ನಿಂಬೆ, ಶುಂಠಿ, ಏಲಕ್ಕಿಯ ಪಾನಕವಾಗುವುದು. ಮಣ್ಣಿನ ಹರವಿಯ ನೀರಿನಲ್ಲಿ ಮಾಡಿದ ಪಾನಕವನ್ನು ಕುಡಿದವರು ಇದನ್ನು ಬಡತನದ ಪಾನೀಯವೆಂದು ಹೇಳಲಾರರು. ಬಂದ ನೆಂಟರಿಗೆ ಶೀಸೆಯನ್ನು ತರಿಸದೆ ಪಾನಕವನ್ನು ಕೊಟ್ಟರೆ ಮರ್ಯಾದೆ ಕಡಮೆಯಾಗುವುದೆಂಬ ಭಾವನೆಯು ಇತ್ತೀಚೆಗೆ ಹಳ್ಳಿಗಳಲ್ಲಿ ಹಬ್ಬಿರುವುದು ವಿಷಾದಕರ.

ಅಂಬಲಿಯಾದ ಮೇಲೆ ಅಂಗಳದ ಕೆಲಸ. ಅಕ್ಕಿಯ ಸಂಡಿಗೆ, ರಾಗಿಯ ಹಪ್ಪಳ, ಬೂದುಗುಂಬಳದ ಸಂಡಿಗೆ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ, ಇವುಗಳಿಗೆ ಬೇಕಾದುದು ಹಣವಲ್ಲ, ಬಿಸಿಲು ಮತ್ತು ನಾಲ್ಕು ಮನೆಗಳ ಹೆಂಗಸರ ಒಗ್ಗಟ್ಟು. ಇಂದು ಈ ಮನೆಯ ಹಪ್ಪಳ, ನಾಳೆ ಆ ಮನೆಯ ಹಪ್ಪಳ ಎಂದು ಸರದಿಯ ಮೇಲೆ ಲಟ್ಟಿಸುವ ಪದ್ಧತಿಯು ಇನ್ನೂ ಅಳಿದಿಲ್ಲ. ಮಾವಿನ ಮರದಿಂದ ಮಳೆಗಾಳಿಗೆ ಉದುರಿದ ಕಾಯಿಗಳನ್ನು ಆರಿಸಿ, ಹೋಳು ಮಾಡಿ, ಉಪ್ಪು ಹಾಕಿ ಒಣಗಿಸಿಟ್ಟರೆ ಶ್ರಾವಣದಲ್ಲಿ ಹುಣಸೆಯ ಬದಲು ಸಾರಿಗೆ ಒದಗುವುದು. ಮಲೆನಾಡಿನವರು ಹಲಸಿನ ತೊಳೆಯನ್ನು ಉಪ್ಪುನೀರಿನಲ್ಲಿಟ್ಟು ಮಳೆಗಾಲದುದ್ದಕ್ಕೂ ಪಲ್ಯ ಮಾಡುವರು. ಹಲಸಿನ ಬೀಜವನ್ನು ಕೆಮ್ಮಣ್ಣು ಸವರಿ ಇಡುವರು. ಬಯಲುಸೀಮೆಯಲ್ಲಿ ಹಲಸಿನ ಹಣ್ಣು ಯಥೇಚ್ಛವಾಗಿ ದೊರೆಯುವ ಕಡೆಯೂ ಬೀಜವನ್ನು ತಿಪ್ಪೆಗೆ ಎಸೆಯುವುದನ್ನು ನೋಡಿದರೆ, ಅಕ್ಕಪಕ್ಕದ ಸೀಮೆಗಳ ತಿಳಿವಳಿಕೆಯು ಒಂದರಿಂದೊಂದಕ್ಕೆ ಹರಿಯುವುದು ಎಷ್ಟು ನಿಧಾನವೆಂಬುದು ತಿಳಿಯುತ್ತದೆ.

ಹಪ್ಪಳ ಸಂಡಿಗೆಗಳಿಗೆ ಕಾವಲು ಮಕ್ಕಳದು. ಶಾಲೆಗಳಿಗೆ ರಜೆ. ಪಟ್ಟಣದಲ್ಲಿರುವ ಮೊಮ್ಮಕ್ಕಳು ಅಜ್ಜಿಯ ಮನೆಗೆ ಬಂದಿರುತ್ತಾರೆ. ಕೋಲು ಹಿಡಿದು ಕಾಗೆಯನ್ನು ಓಡಿಸುವ ನೆಪದಲ್ಲಿ ಅರ್ಧ ಒಣಗಿದ ಸಂಡಿಗೆಯನ್ನು ಕಾಗೆಗಿಂತ ಹೆಚ್ಚಾಗಿ ಕಾವಲುಗಾರರೇ ತಿನ್ನುವರೆಂಬುದು ಪ್ರತಿಯೊಬ್ಬ ಅಜ್ಜಿಗೂ ಗೊತ್ತು. ಅದಕ್ಕಾಗಿ ಆಕೆಯು ಒಂದು ಸೇರು ಅಕ್ಕಿಯನ್ನು ಹೆಚ್ಚಾಗಿಯೇ ನೆನೆಸಿರುತ್ತಾಳೆ. ಈ ವಿಧವಾದ ಹೆಚ್ಚಿನ ಖರ್ಚನ್ನು ಯಾವ ಮಿತವ್ಯಯದ ಉಪದೇಶಕನೂ ಆಕ್ಷೇಪಿಸತಕ್ಕದ್ದಲ್ಲ.

ಹುಣಸೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಬಡಿದ ಹುಣಸೆಯನ್ನು ಅನೇಕರು ಓಡು ಸಹಿತವಾಗಿ ಬಂದ ಬೆಲೆಗೆ ಮಾರಿಬಿಟ್ಟು, ಮನೆಯ ಬಳಕೆಗೆ ಮಳೆಗಾಲದಲ್ಲಿ ಅಂಗಡಿಯಿಂದ ಕೊಳ್ಳುವರು. ಮನೆಯ ವರ್ಷದ ಬಳಕೆಗೆ ಬೇಕಾದಷ್ಟನ್ನು ಮೊದಲು ತೆಗೆದಿಟ್ಟು, ಬಿಡುವಿನ ಮಧ್ಯಾಹ್ನಗಳಲ್ಲಿ ಓಡು, ನಾರು, ಬೀಜಗಳನ್ನು ತೆಗೆದು, ಚೆನ್ನಾಗಿ ಒಣಗಿಸಿ, ಉಪ್ಪು ಬೆರೆಸಿ ಮಡಕೆಗೆ ಅದುಮಿ ಬಾಯಿ ಕಟ್ಟಿದರೆ ಅದು ಕೆಡದೆ ಉಳಿಯುವುದು. ತೆಗೆದ ಬೀಜವೂ ವ್ಯರ್ಥವಲ್ಲ. ಎರಡು ಸಾಲಿನಲ್ಲಿ ಏಳೇಳು ಗುಳಿಗಳುಳ್ಳ ಅಳಗುಳಿ ಮಣೆಗೆ ಕಾಯಿಗಳು ಅವೇ. ಚೌಕಾಬಾರದಲ್ಲಿ ಕವಡೆಯಿಲ್ಲದವರು ಒಂದು ಮಗ್ಗುಲು ತೇದ ಹುಣಸೆ ಬೀಜವನ್ನು ಎಸೆಯುವರು. ಮಣೆಯಿಲ್ಲದವರು ಜಗಲಿಯ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಮನೆ ಬರೆದುಕೊಳ್ಳುವರು. ಅಜ್ಜನೂ ಮೊಮ್ಮಗಳೂ ಎದುರುಬದುರಾಗಿ ಕುಳಿತು ಒಂದು ಇಡೀ ಮಧ್ಯಾಹ್ನವನ್ನು ಕಳೆಯಲು ಇದಕ್ಕಿಂತ ಹೆಚ್ಚಿನ ಸಾಧನವು ಬೇಕಾಗಿಲ್ಲ. ಕೈಯೊಳಗಿನ ದೂರವಾಣಿಯ ತೆರೆಯನ್ನು ಒಬ್ಬೊಬ್ಬರೇ ನೋಡುತ್ತ ಮನೆಯ ನಾಲ್ಕು ಮೂಲೆಗಳಲ್ಲಿ ನಾಲ್ವರು ಕುಳಿತಿರುವ ನೋಟಕ್ಕೂ ಇದಕ್ಕೂ ಇರುವ ವ್ಯತ್ಯಾಸವು ಖರ್ಚಿನದು ಮಾತ್ರವಲ್ಲ. ಅಳಗುಳಿಯಲ್ಲಿ ಸೋತ ಮಗುವು ಅಜ್ಜನ ಮೇಲೆ ಮುನಿಯುತ್ತದೆ, ಮರುದಿನ ಲೆಕ್ಕವನ್ನು ಮೊದಲೇ ಎಣಿಸಿ ಗೆಲ್ಲುತ್ತದೆ.

ಕಡಲೆಕಾಯಿ ಬೆಳೆಯುವ ಪಾವಗಡ, ಚಳ್ಳಕೆರೆ ಕಡೆಗಳಲ್ಲಿ ಇದೇ ಬಿಡುವಿಗೆ ಇನ್ನೊಂದು ಮುಖ್ಯವಾದ ಕೆಲಸವಿದೆ. ಬಿತ್ತನೆಯ ಬೀಜವನ್ನು ಕಾಯಿಯಾಗಿಯೇ ಇಟ್ಟು, ಬಿತ್ತುವುದಕ್ಕೆ ವಾರ ಹತ್ತು ದಿನಗಳ ಮುಂಚೆ ಮಾತ್ರ ಸುಲಿಯತಕ್ಕದ್ದು. ಮೊದಲೇ ಸುಲಿದ ಬೀಜವು ಮೊಳೆಯುವ ಶಕ್ತಿಯನ್ನು ಬೇಗನೆ ಕಳೆದುಕೊಳ್ಳುವುದು. ಯಂತ್ರದಲ್ಲಿ ಸುಲಿಸಿದರೆ ಬೇಗನೆ ಆಗುವುದೇನೋ ನಿಜ. ಆದರೆ ಒಡೆದ ಬೇಳೆಯೂ ಸಿಪ್ಪೆ ಕಿತ್ತ ಬೀಜವೂ ಅದರಲ್ಲಿ ಹೆಚ್ಚು, ಅವು ಬಿತ್ತನೆಗೆ ಬಾರವು. ಆದ್ದರಿಂದ ರೋಹಿಣಿಯ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಚಾಪೆ ಹಾಸಿ, ನಡುವೆ ಕಾಯಿಯ ರಾಶಿಯನ್ನು ಸುರಿದು, ಮನೆಯವರೂ ನೆರೆಯವರೂ ಸುತ್ತಲೂ ಕುಳಿತು ಸುಲಿಯುವ ರೂಢಿಯು ಬಂದಿತು. ಬೆಳದಿಂಗಳಿದ್ದರೆ ದೀಪವೂ ಬೇಡ. ಕೈ ಸುಲಿಯುತ್ತಿರುವಾಗ ಬಾಯಿ ಬಿಡುವಾಗಿರುವುದರಿಂದ ಕಥೆ, ಒಗಟು, ಊರಿನ ಹಳೆಯ ಸುದ್ದಿ, ಸತ್ತವರ ನೆನಪು, ಹುಟ್ಟಲಿರುವವರ ಹೆಸರು, ಎಲ್ಲವೂ ಆ ರಾಶಿಯ ಸುತ್ತಲೇ ನಡೆಯುವುದು. ಸುಲಿದ ಬೀಜದಲ್ಲಿ ಸುಕ್ಕಿದ್ದನ್ನೂ ಒಡೆದದ್ದನ್ನೂ ಬೇರೆ ಮಾಡುವುದು ಮುದುಕಿಯರ ಕೆಲಸ. ಆ ಬೇರೆ ಮಾಡಿದ ಬೀಜವೇ ಮರುದಿನ ಬೆಲ್ಲದೊಂದಿಗೆ ಮಕ್ಕಳ ತಿಂಡಿ. ಬೀಜದ ಪರೀಕ್ಷೆ, ಸಂಸಾರದ ವಿನೋದ, ಮಕ್ಕಳ ಆಹಾರ ಮೂರೂ ಒಂದೇ ಚಾಪೆಯ ಮೇಲೆ ಕಾಸಿನ ಖರ್ಚಿಲ್ಲದೆ ನೆರವೇರುತ್ತವೆ.

ರಾಗಿಯ ಬೀಜದ ಪರೀಕ್ಷೆಯನ್ನಂತೂ ಪೂರ್ತಿಯಾಗಿ ಮಕ್ಕಳಿಗೆ ಬಿಡಬಹುದು. ಬಿತ್ತನೆಗೆ ಇಟ್ಟ ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಚಿಟಿಕೆ ತೆಗೆದು ಬೆರೆಸಿ, ಅದರಲ್ಲಿ ನೂರು ಕಾಳನ್ನು ಎಣಿಸಿ, ಒದ್ದೆ ಬಟ್ಟೆಯಲ್ಲಿ ಹರಡಿ ಸುತ್ತಿ ನೆರಳಿನಲ್ಲಿಡಬೇಕು. ಬಟ್ಟೆಯು ಆರದಂತೆ ನೀರು ಚಿಮುಕಿಸುತ್ತಿರಬೇಕು. ನಾಲ್ಕನೆಯ ದಿನ ಒಮ್ಮೆ, ಎಂಟನೆಯ ದಿನ ಇನ್ನೊಮ್ಮೆ ಮೊಳಕೆಗಳನ್ನು ಎಣಿಸಬೇಕು. ನೂರಕ್ಕೆ 75 ಆದರೂ ಮೊಳೆಯಬೇಕೆಂಬುದು ಪ್ರಮಾಣಿತ ಬೀಜಕ್ಕೆ ಇಟ್ಟಿರುವ ಮಟ್ಟ. ಅದಕ್ಕಿಂತ ಕಡಮೆಯಾದರೆ ಇನ್ನೂ ಬಿತ್ತನೆಗೆ ದಿನಗಳಿರುವಾಗಲೇ ಬೇರೆ ಬೀಜವನ್ನು ನೋಡಿಕೊಳ್ಳಬಹುದು. ರಾಗಿಯು ತನ್ನ ಹೂವಿನಿಂದಲೇ ತಾನು ಕಾಳು ಕಟ್ಟುವ ಪೈರಾದ್ದರಿಂದ ಒಳ್ಳೆಯ ತಳಿಯ ಬೀಜವನ್ನು ಒಮ್ಮೆ ತಂದರೆ ಕೆಲವು ವರ್ಷ ಮನೆಯ ತೆನೆಯಿಂದಲೇ ಆರಿಸಿಟ್ಟುಕೊಳ್ಳಲು ಅಡ್ಡಿಯಿಲ್ಲ. ಮಂಡ್ಯದಲ್ಲಿ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಪಡೆದ ಇಂಡಾಫ್ ತಳಿಗಳು 1970ರ ದಶಕದಿಂದ ಊರೂರಿಗೆ ಹಬ್ಬಿದುದು ಬಹುಮಟ್ಟಿಗೆ ಹೀಗೆ ಒಬ್ಬ ರೈತನ ಮಡಕೆಯಿಂದ ಇನ್ನೊಬ್ಬನ ಮಡಕೆಗೆ ಹೋದುದರಿಂದಲೇ. ನೂರು ಕಾಳನ್ನು ತಾನೇ ಎಣಿಸಿ, ತಾನೇ ನೀರು ಚಿಮುಕಿಸಿ, ಎಂಬತ್ತೆಂಟು ಮೊಳೆಯಿತೆಂದು ಓಡಿಬಂದು ಹೇಳುವ ಹುಡುಗಿಯು ಶಾಲೆಯ ಶೇಕಡಾ ಲೆಕ್ಕವನ್ನು ಎಂದಿಗೂ ಮರೆಯಲಾರಳು.

ಇನ್ನು ಧಾನ್ಯದ ಉಳಿತಾಯ. ರಾಗಿಯ ಕಾಳು ಸಣ್ಣದು, ಸಿಪ್ಪೆ ಗಟ್ಟಿ, ಹುಳು ಅದನ್ನು ಸುಲಭವಾಗಿ ಮುಟ್ಟದು. ಹಿಂದಿನವರು ಎತ್ತರದ ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿಯೂ ಹೊಟ್ಟೆ ಅಗಲವಾಗಿಯೂ ಹಗೇವನ್ನು ತೋಡಿ, ಒಳಗೆ ಹುಲ್ಲು ಹೊದಿಸಿ, ರಾಗಿಯನ್ನು ತುಂಬಿ, ಕಲ್ಲು ಮುಚ್ಚಿ ಮಣ್ಣು ಮೆತ್ತಿ, ವರ್ಷಗಟ್ಟಲೆ ಇಡುತ್ತಿದ್ದರು. ಹಗೇವನ್ನು ತೆರೆದೊಡನೆ ಒಳಗೆ ಇಳಿಯತಕ್ಕದ್ದಲ್ಲ. ಒಳಗೆ ತುಂಬಿರುವ ಕೆಟ್ಟ ಗಾಳಿಯಿಂದ ಪ್ರಾಣವೇ ಹೋದೀತು. ಬಾಯಿಯನ್ನು ಬಹಳ ಹೊತ್ತು ತೆರೆದಿಟ್ಟು, ಉರಿಯುವ ದೀಪವನ್ನು ಹಗ್ಗದಿಂದ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯನು ಇಳಿಯುವುದು ಹಿಂದಿನಿಂದ ಬಂದ ಎಚ್ಚರಿಕೆ. ಈಗ ಹಗೇವುಗಳು ಬಹುತೇಕ ಮುಚ್ಚಿಹೋಗಿವೆ, ಅವುಗಳ ಮೇಲೆ ರಸ್ತೆಯೂ ಮನೆಯೂ ಆಗಿವೆ. ಅವುಗಳನ್ನು ಮತ್ತೆ ತೋಡಬೇಕೆಂದು ಯಾರೂ ಹೇಳಬೇಕಾಗಿಲ್ಲ. ಚೆನ್ನಾಗಿ ಒಣಗಿಸಿದ ರಾಗಿಯನ್ನು ಮುಚ್ಚಳವುಳ್ಳ ತಗಡಿನ ಪೀಪಾಯಿಯಲ್ಲಿಟ್ಟರೂ ಕೆಲಸವು ನಡೆಯುವುದು. ಹಗೇವು ಹೋದುದಕ್ಕಿಂತ, ಒಂದು ವರ್ಷದ ಊಟವನ್ನು ಮನೆಯಲ್ಲಿಟ್ಟುಕೊಂಡೇ ಮಿಕ್ಕುದನ್ನು ಮಾರಬೇಕೆಂಬ ನಿಯಮವು ಹೋದುದೇ ಹೆಚ್ಚಿನ ನಷ್ಟ.

ಈ ನಿಯಮವನ್ನು ಜನರಿಗೆ ಕಲಿಸಿದುದು ಕ್ಷಾಮ. 1876ರಿಂದ 1878ರವರೆಗಿನ ಬರದಲ್ಲಿ ಮೈಸೂರು ಸಂಸ್ಥಾನವು ಅನುಭವಿಸಿದ ಹಾನಿಯನ್ನು ಜನಗಣತಿಯ ಅಂಕಿಗಳೇ ಹೇಳುತ್ತವೆ. 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಇಂದು ಅಂತಹ ಸಾವು ನೋವುಗಳ ಭಯವಿಲ್ಲ, ರೈಲೂ ರಸ್ತೆಯೂ ಪಡಿತರದ ಅಂಗಡಿಯೂ ಇವೆ. ಆದರೆ ಬರವು ಮಾತ್ರ ಹೋಗಿಲ್ಲ. 2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಅಂತಹ ವರ್ಷದಲ್ಲಿ ಹಿಂದಿನ ಸಾಲಿನ ರಾಗಿಯು ಪೀಪಾಯಿಯಲ್ಲಿದ್ದ ಮನೆಗೂ, ಅದನ್ನು ವೈಶಾಖದಲ್ಲಿಯೇ ಮಾರಿ ಮುಗಿಸಿದ ಮನೆಗೂ ಇರುವ ಅಂತರವನ್ನು ವಿವರಿಸಬೇಕಾದುದಿಲ್ಲ.

ವೈಶಾಖದಲ್ಲಿ ಮಾರಿ ಮುಗಿಸುವುದೇಕೆ? ಉತ್ತರವು ಎಲ್ಲರಿಗೂ ಗೊತ್ತಿದೆ. ಮದುವೆಗಳ ಕಾಲ ಅದೇ. ಈ ಲೇಖನವು ಮುಖ್ಯವಾಗಿ ಗ್ರಾಮದ ಯಜಮಾನರಿಗೂ ಜಮೀನುದಾರರಿಗೂ ಹೇಳಬೇಕಾದ ಮಾತು ಇಲ್ಲಿಯೇ ಇದೆ. ಪಟೇಲಿಕೆಯು 1961ರ ಕಾಯಿದೆಯ ಪ್ರಕಾರ 1963ರಿಂದ ರದ್ದಾಯಿತು. ಆದರೆ ಊರಿನ ದೊಡ್ಡಮನೆಯನ್ನು ನೋಡಿ ನಡೆಯುವ ಜನರ ಸ್ವಭಾವವು ಯಾವ ಕಾಯಿದೆಯಿಂದಲೂ ರದ್ದಾಗಿಲ್ಲ. ಇಪ್ಪತ್ತು ಎಕರೆ ತೋಟವುಳ್ಳ ಯಜಮಾನರು ತಮ್ಮ ಮಗಳ ಮದುವೆಯನ್ನು ಪಟ್ಟಣದ ಛತ್ರದಲ್ಲಿ ಮಾಡಿ, ಹದಿನೆಂಟು ಬಗೆಯ ಭಕ್ಷ್ಯಗಳನ್ನು ಬಡಿಸಿದರೆ ಅವರ ಆಸ್ತಿಯಲ್ಲಿ ಒಂದು ಮೂಲೆಯೂ ಕರಗದು. ಅದೇ ಸಾಲಿನಲ್ಲಿ ಕುಳಿತು ಉಂಡ ಎರಡೆಕರೆ ಖುಷ್ಕಿಯ ರೈತನು ಮುಂದಿನ ವರ್ಷ ತನ್ನ ಮಗಳಿಗೆ ಒಂಬತ್ತು ಬಗೆಯಾದರೂ ಆಗಬೇಕೆಂದು ನಿಶ್ಚಯಿಸಿಕೊಂಡು ಎದ್ದಿರುತ್ತಾನೆ. ಅವನಿಗೆ ಬುದ್ಧಿ ಹೇಳಲು ಯಜಮಾನರಿಗೆ ಆಗ ಬಾಯಿ ಬರುವುದಿಲ್ಲ.

ಅವನ ಸಾಲದ ಲೆಕ್ಕವನ್ನು ಒಂದು ಉದಾಹರಣೆಯ ಮೂಲಕ ನೋಡಬಹುದು. ಮದುವೆಗಾಗಿ ಎರಡು ಲಕ್ಷ ರೂಪಾಯಿಗಳನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿನಂತೆ ಕೈಸಾಲ ತಂದನೆಂದು ಇಟ್ಟುಕೊಳ್ಳೋಣ. ತಿಂಗಳಿಗೆ 4,000, ವರ್ಷಕ್ಕೆ 48,000 ರೂಪಾಯಿ ಬಡ್ಡಿ. 2025-26ನೆಯ ಸಾಲಿಗೆ ಕೇಂದ್ರ ಸರ್ಕಾರವು ಗೊತ್ತುಮಾಡಿದ ಬೆಂಬಲ ಬೆಲೆಯು ಕ್ವಿಂಟಾಲು ರಾಗಿಗೆ 4,886 ರೂಪಾಯಿ. ಆ ಪೂರ್ತಿ ಬೆಲೆಯೇ ಅವನ ಕೈಸೇರಿತೆಂದು ಭಾವಿಸಿದರೂ ಹೆಚ್ಚುಕಡಮೆ ಹತ್ತು ಕ್ವಿಂಟಾಲು ರಾಗಿಯು ಬರಿಯ ಬಡ್ಡಿಗೆ ಹೋಗುವುದು, ಅಸಲು ಹಾಗೆಯೇ ನಿಂತಿರುವುದು. ದಿನಕ್ಕೆ ಎರಡು ಕಿಲೋ ರಾಗಿಯನ್ನು ಬಳಸುವ ಸಂಸಾರಕ್ಕೆ ಅದು ಒಂದು ವರ್ಷ ನಾಲ್ಕು ತಿಂಗಳ ಮುದ್ದೆ. ಮಳೆಯನ್ನೇ ನಂಬಿದ ಎರಡು ಎಕರೆಯಲ್ಲಿ ಇದಕ್ಕಿಂತ ಹೆಚ್ಚೇನೂ ಮಿಗದ ವರ್ಷಗಳು ಅಪರೂಪವಲ್ಲ. ಒಂದು ದಿನದ ಭಕ್ಷ್ಯಕ್ಕೆ ಇಷ್ಟು ದಿನಗಳ ಊಟವನ್ನು ತೆತ್ತ ತಂದೆಯು ಮಗಳ ಮೇಲಿನ ಪ್ರೀತಿಯಿಂದ ಹಾಗೆ ಮಾಡಿದನೆಂದು ಹೇಳುವುದು ವಾಡಿಕೆ. ವಾಸ್ತವವಾಗಿ ಅವನು ಅಂಜಿದುದು ಊರಿನವರ ಬಾಯಿಗೆ.

ಇದಕ್ಕಿಂತಲೂ ಅಪಾಯಕರವಾದ ರೂಢಿಯೊಂದಿದೆ. ಸಹಕಾರ ಸಂಘಗಳ ಮೂಲಕ ನಿಗದಿಯಾದ ಮಿತಿಯವರೆಗೆ, ಗಡುವಿನೊಳಗೆ ತೀರಿಸುವವರಿಗೆ, ಬಡ್ಡಿಯಿಲ್ಲದೆ ಬೆಳೆಸಾಲವನ್ನು ಕೊಡುವ ಏರ್ಪಾಡು ಈ ರಾಜ್ಯದಲ್ಲಿದೆ. ಅದನ್ನು ತೆಗೆದುಕೊಂಡು ಚಪ್ಪರಕ್ಕೂ ಬಟ್ಟೆಗೂ ಹಾಕಿ, ಜೂನ್ ತಿಂಗಳಲ್ಲಿ ಬೀಜಗೊಬ್ಬರಗಳಿಗೆ ಕಿರುಸಾಲದವರನ್ನು ಹುಡುಕುವ ಸಂಸಾರಗಳಿಗೆ ಒಂದೇ ಬೇಸಗೆಯಲ್ಲಿ ಎರಡು ಸಾಲಗಳಾಗುತ್ತವೆ. ಕಿರುಸಾಲದ ವಸೂಲಿಯ ಕಾಟವು ಎಷ್ಟು ಮಿತಿಮೀರಿತೆಂದರೆ, 2025ರಲ್ಲಿ ರಾಜ್ಯ ಸರ್ಕಾರವು ಬಲವಂತದ ವಸೂಲಿಯನ್ನು ತಡೆಯಲು ಪ್ರತ್ಯೇಕವಾದ ಕಾನೂನನ್ನೇ ತರಬೇಕಾಯಿತು. ಕಾನೂನು ಸಾಲಗಾರನ ಬಾಗಿಲಲ್ಲಿ ನಡೆಯುವ ಅವಮಾನವನ್ನು ತಡೆದೀತು. ಅವನು ಚಪ್ಪರಕ್ಕೆ ಸುರಿದ ಹಣವನ್ನು ಹಿಂದಕ್ಕೆ ತಂದುಕೊಡಲಾರದು.

ಸರಳವಾದ ವಿವಾಹವು ಮರ್ಯಾದೆಗೆ ಕುಂದಲ್ಲವೆಂಬುದಕ್ಕೆ ಈ ನಾಡಿನಲ್ಲಿಯೇ ದೊಡ್ಡ ನಿದರ್ಶನಗಳಿವೆ. ಕುವೆಂಪು ಅವರು ಮಂತ್ರಮಾಂಗಲ್ಯವೆಂಬ ಸರಳ ವಿಧಾನವನ್ನು ರೂಪಿಸಿ, 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನೇ ಆ ರೀತಿಯಲ್ಲಿ ನಡೆಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದುಕೊಂಡು ಬಂದಿವೆ. ಆದರೆ ಸಾಮೂಹಿಕ ವಿವಾಹವು ಬಡವರಿಗೆ, ಛತ್ರದ ವಿವಾಹವು ತಮಗೆ ಎಂದು ಉಳ್ಳವರು ಭಾವಿಸಿರುವವರೆಗೆ ಬಡವನೂ ಅದನ್ನು ಅನುಗ್ರಹವೆಂದಲ್ಲ, ಅವಮಾನವೆಂದೇ ಕಾಣುವನು. ಯಾವುದಾದರೊಂದು ಹೋಬಳಿಯಲ್ಲಿ ಊರಿನ ಮೊದಲನೆಯ ಮನೆಯವರು ತಮ್ಮ ಮಗನ ಮದುವೆಯನ್ನು ಮನೆಯ ಮುಂದಣ ಚಪ್ಪರದಲ್ಲಿ, ಊರಿನವರೇ ಬಡಿಸಿ, ಪಾಯಸವೂ ಕೋಸಂಬರಿಯೂ ಮಾವಿನ ಹಣ್ಣಿನ ಸೀಕರಣೆಯೂ ಉಳ್ಳ ಊಟದಿಂದ ಮುಗಿಸಿದರೆ, ಆ ಒಂದು ಮದುವೆಯು ನೂರು ಭಾಷಣಗಳಿಗಿಂತ ಹೆಚ್ಚಿನ ಕೆಲಸವನ್ನು ಮಾಡೀತು.

ಯಜಮಾನಿಕೆಯನ್ನು ಊರಿನ ಹಿತಕ್ಕೆ ಬಳಸಿದ ಹಳೆಯ ಉದಾಹರಣೆಯೊಂದನ್ನು ಇಲ್ಲಿ ನೆನೆಯಬಹುದು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲನೆಯ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಹೆಸರೇ ಹೇಳುವಂತೆ ಗೌಡಿಕೆಯ ಮನೆಯವರು. ಸಹಕಾರ ಪತ್ತಿನ ಸಂಘಗಳ ಕಾಯಿದೆಯು 1904ರಲ್ಲಿ ಬಂದಿತು, ಮರುವರ್ಷವೇ ಅದರ ಪ್ರಯೋಜನವು ಒಂದು ಹಳ್ಳಿಗೆ ಮುಟ್ಟಿತು. ಊರಿನ ಮುಂದಾಳು ಮುಂದೆ ನಿಂತುದರಿಂದಲೇ ಇದು ಸಾಧ್ಯವಾಯಿತು. ಸಾಹುಕಾರನ ಮನೆಗೆ ಹೋಗುವ ಹಾದಿಯನ್ನು ಬಿಟ್ಟು ಜನರು ತಮ್ಮ ಉಳಿತಾಯವನ್ನು ತಾವೇ ಕೂಡಿಸಿ ತಮಗೆ ತಾವೇ ಸಾಲ ಕೊಟ್ಟುಕೊಳ್ಳುವುದೆಂದರೆ, ಮೊದಲು ಉಳಿತಾಯವಿರಬೇಕು. ಈಗ ಆ ಕೆಲಸವನ್ನು ಹೆಚ್ಚಾಗಿ ಹೆಂಗಸರ ಸ್ವಸಹಾಯ ಸಂಘಗಳು ಮಾಡುತ್ತಿರುವುದನ್ನು ಗಂಡಸರು ಗಮನಿಸಿದರೆ ಒಳ್ಳೆಯದು.

ಇದಕ್ಕೆ ಪ್ರತಿಯಾಗಿ ಒಂದು ಆಕ್ಷೇಪಣೆಯು ಬರುವುದು ಸಹಜ. ಬೆಳೆದುದಕ್ಕೆ ನ್ಯಾಯವಾದ ಬೆಲೆಯಿಲ್ಲ, ಮಳೆಯು ನೆಚ್ಚಿಕೆಯದಲ್ಲ, ಗೊಬ್ಬರದ ಬೆಲೆ, ಕೂಲಿ, ಮಕ್ಕಳ ಶಾಲೆಯ ಖರ್ಚು ಏರುತ್ತಲೇ ಇವೆ. ಹೀಗಿರುವಲ್ಲಿ ರೈತನಿಗೆ ಮಿತವ್ಯಯವನ್ನು ಬೋಧಿಸುವುದು ಗಾಯಕ್ಕೆ ಉಪ್ಪು ಸವರಿದಂತೆ ಎಂದು ಕೆಲವರು ಹೇಳುವರು. ಈ ಮಾತಿನಲ್ಲಿ ಸತ್ಯವಿದೆ, ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಹಪ್ಪಳ ಸಂಡಿಗೆಗಳಿಂದ ಟೊಮೆಟೊ ಬೆಲೆ ಏರುವುದಿಲ್ಲ. ಆಸ್ಪತ್ರೆಯ ಸಾಲವನ್ನು ಯಾರೂ ದುಂದುಗಾರಿಕೆ ಎನ್ನಲಾಗದು. ಕೊಳವೆ ಬಾವಿಯು ಬತ್ತಿ ಮುಳುಗಿದವನಿಗೆ ಪಾನಕದ ಉಪದೇಶವು ಹಾಸ್ಯವೆನಿಸೀತು. ಬೆಲೆಯ ಪ್ರಶ್ನೆಗೆ ಬೆಲೆಯ ಉತ್ತರವೇ ಬೇಕು. ಅದನ್ನು ಕೇಳುವ ಹಕ್ಕನ್ನು ರೈತನು ಬಿಟ್ಟುಕೊಡತಕ್ಕದ್ದಲ್ಲ. ಇಲ್ಲಿ ಹೇಳಿರುವುದು ಅವನ ಕೈಯಲ್ಲಿಯೇ ಇರುವ ಆರು ವಾರಗಳ ಮಾತು ಮಾತ್ರ. ಬೀಜವೂ ಒಂದು ವರ್ಷದ ಊಟವೂ ಮನೆಯಲ್ಲಿರುವ ರೈತನು ತನ್ನ ಮಿಕ್ಕ ಫಸಲಿನ ಬೆಲೆಗಾಗಿ ಹದಿನೈದು ದಿನ ಕಾದು ನಿಲ್ಲಬಲ್ಲನು. ಸಾಲದ ಗಡುವು ತಲೆಯ ಮೇಲಿರುವವನು ಕಣದಲ್ಲಿಯೇ ಬಂದ ಬೆಲೆಗೆ ಅಳೆದು ಕೊಡುವನು.

ಗ್ರಾಮದ ಯಜಮಾನರು ಈ ಬೇಸಗೆಯಲ್ಲಿಯೇ ಮಾಡಬಹುದಾದ ಕೆಲವು ಸಣ್ಣ ಕೆಲಸಗಳಿವೆ. ಕೃತ್ತಿಕೆಯ ದಿನಗಳಲ್ಲಿ ಒಂದು ಸಂಜೆ ಊರಿನವರನ್ನು ಅರಳಿಕಟ್ಟೆಯ ಬಳಿ ಸೇರಿಸಿ, ಯಾರ ಮನೆಯಲ್ಲಿ ಬಿತ್ತನೆಯ ಬೀಜವಿದೆ, ಯಾರಿಗೆ ಇಲ್ಲ ಎಂಬುದನ್ನು ವಿಚಾರಿಸಿಕೊಳ್ಳಬಹುದು. ಎಕರೆಗೆ ನಾಲ್ಕೈದು ಕಿಲೋ ರಾಗಿಯಿದ್ದರೆ ಕೂರಿಗೆ ಬಿತ್ತನೆಗೆ ಸಾಕು, ನಾಟಿ ಹಾಕುವವರಿಗೆ ಎರಡು ಕಿಲೋ ಸಾಕು. ಇಷ್ಟು ಅಲ್ಪ ಬೀಜಕ್ಕಾಗಿ ಯಾವ ಸಂಸಾರವೂ ಸಾಲದ ಮನೆಗೆ ಹೋಗದಂತೆ ಊರೇ ನೋಡಿಕೊಳ್ಳಬಹುದು. ಕೆರೆಯ ಗೋಡನ್ನು ಹೊಲಗಳಿಗೆ ಸಾಗಿಸುವುದಕ್ಕೆ ಇದೇ ಕಾಲ. ಗಾಡಿಯೂ ಟ್ರ್ಯಾಕ್ಟರೂ ಉಳ್ಳವರು ಇಲ್ಲದವರಿಗೆ ಎರಡೆರಡು ಸಲ ಹೊಡೆದುಕೊಟ್ಟರೆ ಅವರಿಗೆ ಆಗುವ ಖರ್ಚು ಸ್ವಲ್ಪ. ಬೇವಿನ ಹಣ್ಣು ಉದುರಲು ತೊಡಗಿದಾಗ ಮಕ್ಕಳಿಂದ ಆರಿಸಿ ಒಣಗಿಸಿಟ್ಟರೆ, ತಿರುಳನ್ನು ಅರೆದು ನೂರಕ್ಕೆ ಐದು ಭಾಗದಂತೆ ನೀರಿನಲ್ಲಿ ಕಲಸಿದ ಕಷಾಯವು ಅವರೆ ತೊಗರಿಗಳ ಹುಳುವಿಗೆ ಬಳಕೆಗೆ ಬರುವುದು. ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಅಪ್ಪಣೆಯೂ ಅನುದಾನವೂ ಬೇಕಾಗಿಲ್ಲ.

ಜ್ಯೇಷ್ಠದ ಹುಣ್ಣಿಮೆಯಂದು ಕಾರಹಬ್ಬ. ಆ ಹೊತ್ತಿಗೆ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹೋಳಿಗೆಯ ಮೊದಲ ತುತ್ತನ್ನು ಅವುಗಳಿಗೆ ಕೊಡುವರು. ಅಳಗುಳಿ ಮಣೆಯು ಅಟ್ಟಕ್ಕೆ ಏರುವುದು, ಪಟ್ಟಣದ ಮಕ್ಕಳು ಒಂದೊಂದು ಡಬ್ಬಿ ಹಪ್ಪಳದೊಂದಿಗೆ ಅಷ್ಟರಲ್ಲಿ ಬಸ್ಸು ಹತ್ತಿರುವರು. ನೇಗಿಲಿನ ಗುಳವನ್ನು ಕುಲುಮೆಗೆ ಕಳುಹಿಸಿ ಹರಿತ ಮಾಡಿಸಿದ್ದರೆ, ನೂರು ಕಾಳಿನ ಲೆಕ್ಕವು ಸರಿಬಂದ ಚೀಲವು ಮೂಲೆಯಲ್ಲಿದ್ದರೆ, ಮೃಗಶಿರೆಯ ಮೊದಲನೆಯ ಹದ ಮಳೆಯು ರಾತ್ರಿ ಬಿದ್ದರೂ ಬೆಳಗಾಗುವಾಗ ಆ ಮನೆಯವರು ಹೊಲದಲ್ಲಿರುವರು.